ಬೆಳ್ಯಪ್ಪ ಮಾಸ್ತರರ ಪಂದ್ಯದೂಟ

ಬೆಳ್ಯಪ್ಪ ಮಾಸ್ತರರು "ನಮ್ಮ ಶಾಲೆ" ಎಂದರೆ ಅದು ಅವರು ಸಂಬಳ ಪಡೆಯುತ್ತಿದ್ದ ಸುಳ್ಯದ ಕಡೆಯ ಶಾಲೆಯಲ್ಲ, ಸಮುದ್ರದಾಚೆ ಸಿಂಹಳದಲ್ಲಿದ್ದ ಬೌದ್ಧ ಹುಡುಗರ ಶಾಲೆ ಎಂಬುದು ಹೊಸಬರಿಗೆ ತಿಳಿಯಲು ವಾರವಾದರೂ ಬೇಕಿತ್ತು. ಅಜ್ಜಾವರದ ಹುಡುಗ ಹದಿನಾಲ್ಕನೆಯ ವಯಸ್ಸಿಗೆ ಮಾವನ ಹಿಂದೆ ಕೊಲಂಬೊಗೆ ಹೋಗಿ, ಆ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಅಲ್ಲೇ ಓದಿ, ಡ್ರಿಲ್ ಕಲಿತು, ಐವತ್ತಮೂರನೆಯ ಇಸವಿಯಲ್ಲಿ ಮರಳಿ ಬಂದು ನಮ್ಮೂರ ಡ್ರಿಲ್ ಮಾಸ್ತರರಾದರು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಕೋಟು. ಗದ್ದೆಯ ಬದುವಿನ ಮೇಲೂ ಎಡ-ಬಲ ತಪ್ಪದ ನಡಿಗೆ. ಎದುರಿಗೆ ಎಮ್ಮೆ ಬಂದರೆ ಪಕ್ಕಕ್ಕೆ ಸರಿಯಬೇಕಾದದ್ದು ಎಮ್ಮೆಯೇ.

ಒಬ್ಬ ಭಿಕ್ಷು, ಎರಡು ಬೆಂಚು, ಮೂವತ್ತೇಳು ಹುಡುಗರಿಂದ ಆ ಶಾಲೆ ಆರಂಭವಾದ ಕಥೆಯನ್ನು ಅವರು ಪುರಾಣ ಹೇಳುವವರ ಉತ್ಸಾಹದಲ್ಲಿ ಹೇಳುತ್ತಿದ್ದರು. ಬಿಳಿಬಟ್ಟೆಯ ಮಕ್ಕಳು ಮುಂಜಾನೆ ಪಂಚಶೀಲ ಹೇಳುವುದು, ವೈಶಾಖದ ಹುಣ್ಣಿಮೆಗೆ ಗೂಡುದೀಪ ಕಟ್ಟುವುದು, ಎಲ್ಲವೂ ಆ ಕಥೆಯಲ್ಲಿ ಬರುತ್ತಿತ್ತು. ಅವರಿಗೆ ಪ್ರಾಣವಾಗಿದ್ದದ್ದು ಮಾತ್ರ ಪಂದ್ಯದೂಟ. ಎದುರಾಳಿ ತಂಡಕ್ಕೆ ಆತಿಥೇಯ ಹುಡುಗರೇ ಬಡಿಸಬೇಕು. ಭಿಕ್ಷುಗಳ ನಿಯಮದಂತೆ ಮಧ್ಯಾಹ್ನದೊಳಗೆ ಊಟ ಮುಗಿಯಬೇಕು. ಸಾಕೆಂದವರನ್ನೂ ಮೂರು ಸಲ ಕೇಳಬೇಕು. ತಾವು ಉಣ್ಣುವುದು ಆಟದ ನಂತರ.

ಅರುವತ್ತೊಂದರ ವಾಲಿಬಾಲ್ ಫೈನಲ್ಲಿಗೆ ಪುತ್ತೂರು ಕಡೆಯ ತಂಡ ಬಂತು. ನಮ್ಮೂರ ಶಾಲೆ ಅದುವರೆಗೆ ಒಂದು ಶೀಲ್ಡನ್ನೂ ಕಂಡದ್ದಿಲ್ಲ. ಅಡುಗೆಯ ತಿಮ್ಮಕ್ಕ ಮಾಡಿದ ಹೆಸರುಬೇಳೆ ಪಾಯಸವನ್ನು ಹುಡುಗರು ನಿಯಮದಂತೆ ಮೂರು ಮೂರು ಸಲ ಕೇಳಿ ಬಡಿಸಿದರು. ಸಿಂಹಳದಲ್ಲಿ ಆಟ ಸಂಜೆ ನಾಲ್ಕಕ್ಕೆ. ಇಲ್ಲಿ ಪುತ್ತೂರಿನ ಕೊನೆಯ ಬಸ್ಸು ಐದಕ್ಕೆ ಹೊರಡುವುದರಿಂದ ಆಟ ಒಂದು ಗಂಟೆಗೇ ಇತ್ತು. ಈ ವ್ಯತ್ಯಾಸ ಮಾಸ್ತರರಿಗೆ ಹೊಳೆಯಲೇ ಇಲ್ಲ. ಅತಿಥಿಗಳು ನೆಲದಿಂದ ಕಾಲೆತ್ತಲಾರದೆ ಹೋದರು. ಖಾಲಿ ಹೊಟ್ಟೆಯ ನಮ್ಮವರು ಎರಡೇ ಸೆಟ್ಟಿನಲ್ಲಿ ಗೆದ್ದರು. ಮೈದಾನವೆಲ್ಲ ಕುಣಿಯಿತು.

ಆ ಗದ್ದಲದಲ್ಲೇ ಎದುರು ತಂಡದ ತಿರುಮಲೇಶ್ವರ ಮಾಸ್ತರರು, "ನೀವು ಗೆದ್ದದ್ದು ಬಾಲಿನಲ್ಲಿ ಅಲ್ಲ ಮಾರಾಯ್ರೆ, ಪಾಯಸದಲ್ಲಿ. ಸಿಂಹಳದವರು ಕಲಿಸಿದ್ದು ಇದನ್ನೆಯಾ?" ಎಂದರು.

ಬೆಳ್ಯಪ್ಪನವರ ಮುಖ ಬಿಳುಚಿತು. ಮೂವತ್ತೇಳು ಹುಡುಗರ ಆ ಶಾಲೆಗೆ ತನ್ನಿಂದ ಕಳಂಕವೇ? ಹೆಡ್‌ಮಾಸ್ತರರ ಕೈಯಲ್ಲಿದ್ದ ಶೀಲ್ಡನ್ನು ತೆಗೆದು ಮೇಜಿನ ಮೇಲಿಟ್ಟರು.

"ಆಟ ಪುನಃ ಉಂಟು. ಈಗ ನಮ್ಮವರ ಊಟ. ಬಡಿಸುದು ನಿಮ್ಮ ಹುಡುಗರು. ಮೂರು ಸಲ ಕೇಳ್ಬೇಕು, ಬಿಡ್ಲಿಕ್ಕಿಲ್ಲ."

ಪುತ್ತೂರಿನ ಹುಡುಗರು ಸೇಡು ತೀರಿಸುವ ಖುಷಿಯಲ್ಲಿ ಸೌಟು ಹಿಡಿದರು. "ನಾಚಿಕೆ ಬೇಡ, ನಿಮ್ಮದೇ ಪಾಯಸ ಅಲ್ವಾ?"

"ಮಾಸ್ತ್ರೇ, ಇನ್ನು ಏಳುದು ಹೇಗೆ?" ಎಂದ ನಮ್ಮ ನಾಯಕ ಅಚ್ಚುತ.

"ಇದು ಎರಡನೇ ಸಲ. ಇನ್ನೊಂದು ಉಂಟು."

ಅಷ್ಟರಲ್ಲಿ ಅತಿಥಿಗಳ ಹೊಟ್ಟೆ ಹಗುರಾಗಿತ್ತು. ಮೊದಲ ಸೆಟ್ಟು ಹೋಯಿತು, ಎರಡನೆಯದನ್ನು ನಮ್ಮವರು ತೇಗುತ್ತ ತೇಗುತ್ತ ಹೇಗೋ ಕಸಿದರು, ಮೂರನೆಯದರಲ್ಲಿ ಹದಿನಾಲ್ಕು-ಹದಿನಾಲ್ಕು. ಕೂತವರೆಲ್ಲ ಎದ್ದು ನಿಂತರು. ಬೆಳ್ಯಪ್ಪನವರ ಕೋಟಿನ ಗುಂಡಿ ಕಿತ್ತು ಹಾರಿತು. ಮುಂದಿನ ಪಾಯಿಂಟು ಪುತ್ತೂರಿಗೆ. ಅದರ ಮುಂದಿನ ಚೆಂಡಿಗೆ ಅಚ್ಚುತ ಹಾರಿದ, ಗೇಣಷ್ಟೇ ಮೇಲೆದ್ದ, ಚೆಂಡು ಬಲೆಗೆ ಬಿತ್ತು, ಶೀಲ್ಡು ಪುತ್ತೂರಿನ ಪಾಲಾಯಿತು.

ತಿರುಮಲೇಶ್ವರ ಮಾಸ್ತರರು ಹತ್ತಿರ ಬಂದು, "ಆ ಮಾತು ನಾನು ಆಡ್ಬಾರದಿತ್ತು" ಎಂದು ಕೈಹಿಡಿದರು. ಹೆಡ್‌ಮಾಸ್ತರರಿಗೆ ಮಾತ್ರ ತಡೆಯಲಾಗಲಿಲ್ಲ. "ಬಂದ ಶೀಲ್ಡನ್ನು ಬಸ್ಸು ಹತ್ತಿಸಿದ್ರಲ್ಲ, ಎಂತ ಮನುಷ್ಯ ನೀವು?"

"ತಪ್ಪು ನನ್ನದೇ ಸಾರ್," ಎಂದರು ಬೆಳ್ಯಪ್ಪ. "ಬರುವ ವರ್ಷ ಬೆಳಿಗ್ಗೆ ಎಂಟಕ್ಕೇ ಬಡಿಸುವ."

ಪರಸ್ಥಳದ ಒಂದು ಒಳ್ಳೆಯ ರೀತಿಯನ್ನು ಮನಸಾರೆ ನಂಬಿ ಹೊತ್ತು ತಂದವರು ಅದನ್ನು ಹುಟ್ಟುಹಾಕಿದವರಿಗಿಂತಲೂ ಬಿಗಿಯಾಗಿ ಪಾಲಿಸುತ್ತಾರೆ. ಇಂಥವರನ್ನು ಕಟ್ಟಿಕೊಂಡು ಗೆಲ್ಲುವುದು ಕಷ್ಟ. ಆದರೆ ಅವರ ಕೈಕೆಳಗೆ ಸೋತ ಹುಡುಗರು ಮುಂದೆ ಯಾರೆದುರೂ ಕಣ್ಣು ತಪ್ಪಿಸಿ ನಿಂತದ್ದನ್ನು ನಾನು ಕಂಡಿಲ್ಲ.