ಅತಿ ಹಸಿರಾದ ಬಾಟಲಿ

ನನ್ನ ತಮ್ಮನ ಮಗಳು ಇಲೈಸಾನೆ ಬ್ರಿಸ್ಬೇನಿನ ವಿಶ್ವವಿದ್ಯಾಲಯವೊಂದರಲ್ಲಿ ಡಾಕ್ಟರೇಟಿಗಾಗಿ ಓದುತ್ತಿದ್ದಾಳೆ. ನಾವೆಲ್ಲ ಅವಳನ್ನು ಸಾನೆ ಎನ್ನುತ್ತೇವೆ. ಅದೇ ಕಟ್ಟಡದ ಮಹಡಿಯ ಗಾಜಿನ ಮನೆಯನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಗಿಡಗಳಿಗೆ ನೀರು ಬಿಡುವುದು, ದೀಪಗಳನ್ನು ಗಮನಿಸುವುದು, ಬೇಡವಾದ ಬಾಟಲಿಗಳನ್ನು ಆವಿಯ ಪೆಟ್ಟಿಗೆಯಲ್ಲಿ ಬೇಯಿಸಿ ತೊಳೆಯುವುದು ನನ್ನ ಕೆಲಸ. ಆ ಬಾಟಲಿಗಳಲ್ಲಿ ಸಾನೆ ಬೆಳೆಸುವ ಜೀವಿಗಳನ್ನು ಜೀವಂತವಾಗಿ ಬಚ್ಚಲಿಗೆ ಬಿಡುವಂತಿಲ್ಲ. ಅದು ಸರ್ಕಾರದ ಕಟ್ಟಳೆ.

ಆ ಜೀವಿಗಳು ಒಂದೊಂದಾಗಿ ಕಣ್ಣಿಗೆ ಕಾಣುವುದಿಲ್ಲ. ಕೋಟಿಗಟ್ಟಲೆ ಕೂಡಿದಾಗ ನೀರು ಹಸಿರಾಗುತ್ತದೆ, ಅಷ್ಟೆ. ಬಿಸಿಲನ್ನೂ ಗಾಳಿಯನ್ನೂ ಉಂಡು ಬದುಕುತ್ತವೆ. ಸಾನೆ ಅವುಗಳ ಒಳಗೆ ಹೊಸದೊಂದು ಗುಣವನ್ನು ಸೇರಿಸಿ, ಮೊಸರಿನಲ್ಲಿರುವ ಹುಳಿಯನ್ನು ಅವು ತಯಾರಿಸುವಂತೆ ಮಾಡಿದ್ದಳು. ಆ ಹುಳಿಯಿಂದ ಪ್ಲಾಸ್ಟಿಕ್ಕಿನಂಥ ತಟ್ಟೆ ಲೋಟಗಳನ್ನು ಮಾಡಬಹುದಂತೆ. ಬಿಸಿಯಾದ ಗೊಬ್ಬರದ ಗುಂಡಿಯಲ್ಲಿ ಹಾಕಿದರೆ ಅವು ಕೊಳೆತುಹೋಗುತ್ತವಂತೆ.

“ಈಗ ಅದನ್ನ ಜೋಳದಿಂದ ಮಾಡ್ತಾರೆ ದೊಡ್ಡಪ್ಪ. ನಮ್ಮ ಟೋಂಗಾ ದ್ವೀಪದಲ್ಲಿ ಅಷ್ಟು ಜೋಳ ಬೆಳೆಯೋಕೆ ನೆಲ ಎಲ್ಲಿದೆ? ಬಿಸಿಲು ಮಾತ್ರ ಬೇಕಾದಷ್ಟಿದೆ,” ಎಂದಿದ್ದಳು.

“ಬಿಸಿಲು ತಿಂದು ಹುಳಿ ಕಾರೋದಾದ್ರೆ ನಿಮ್ಮಪ್ಪನ್ನೂ ಒಂದು ಬಾಟ್ಲಿಗೆ ಹಾಕು,” ಎಂದಿದ್ದೆ. ನನ್ನ ತಮ್ಮ ದಿನವಿಡೀ ಜಗಲಿಯಲ್ಲಿ ಬಿಸಿಲು ಕಾಯುವವನು.

ಪ್ರತಿ ಶುಕ್ರವಾರ ಅವಳು ಒಂದು ಬಾಟಲಿಯಿಂದ ಸ್ವಲ್ಪ ತೆಗೆದು ಮುಂದಿನ ವಾರದ ಹೊಸ ಬಾಟಲಿಗಳಿಗೆ ಹೆಪ್ಪು ಹಾಕುತ್ತಿದ್ದಳು. ಮೊದಲ ಶುಕ್ರವಾರ ಐದು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, “ಯಾವುದರಿಂದ ತಗೊಳ್ಳಲಿ, ಹೇಳಿ ನೋಡೋಣ,” ಎಂದಳು. ನನ್ನ ತಂದೆ ಗೆಣಸು ಬೆಳೆಯುತ್ತಿದ್ದವರು. ಚೆನ್ನಾಗಿ ಹಬ್ಬಿದ ಬಳ್ಳಿಯ ಗೆಡ್ಡೆಯನ್ನೇ ಬೀಜಕ್ಕೆ ಇಡುತ್ತಿದ್ದರು. ನಾನು ಎಲ್ಲಕ್ಕಿಂತ ಹಸಿರಾದದ್ದನ್ನು ತೋರಿಸಿದೆ. ಅವಳೂ ಅದೇ ಮನೆಯ ಮಗಳು. ಅವಳ ಕಣ್ಣೂ ಅಲ್ಲಿಗೇ ಹೋಗಿತ್ತು. ಅಂದಿನಿಂದ ಪ್ರತಿ ವಾರವೂ ಅತಿ ಹಸಿರಾದದ್ದೇ ಬೀಜವಾಯಿತು. ಮೊದಲು ಚೆನ್ನಾಗಿ ಬೆಳೆಯಲಿ, ಹುಳಿಯನ್ನು ಆಮೇಲೆ ಅಳೆದರಾಯಿತು ಎಂದುಕೊಂಡಿದ್ದಳು. ಕಷ್ಟಕಾಲಕ್ಕೆಂದು ಹಿಮದ ಪೆಟ್ಟಿಗೆಯಲ್ಲಿ ಇಟ್ಟದ್ದೂ ಅದರಿಂದಲೇ. ಆ ಐದರಲ್ಲಿ ಒಂದು ಬಿಳಚಿಕೊಂಡಿತ್ತು. ಅದು ಕಿಟಕಿಯ ಮೂಲೆ ಸೇರಿತು. ಬೇರೆಯವಕ್ಕೆ ಉಣಿಸುವಾಗ ಅದಕ್ಕೂ ಒಂದು ಗುಟುಕು ಹಾಕುತ್ತಿದ್ದೆ.

ಈ ಫೆಬ್ರವರಿಯಲ್ಲಿ ನನ್ನ ಹೆಂಡತಿ ಮೆಲೆಸೀನಿ ತೀರಿಕೊಂಡಳು. ದೇವರು ಕೊಟ್ಟಿದ್ದ, ದೇವರು ಕರೆದುಕೊಂಡ. ಹಾಗೆಂದು ನಿತ್ಯ ಹೇಳಿಕೊಳ್ಳುತ್ತೇನೆ. ಸತ್ತವರಿಗಾಗಿ ನಮ್ಮವರು ಉಡುವ ಶೋಕದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡೇ ಕೆಲಸಕ್ಕೆ ಬರುತ್ತಿದ್ದೆ. ಯಂತ್ರಗಳಿಗೆ ಸಿಕ್ಕೀತೆಂದು ಬಾಗಿಲಲ್ಲಿ ಬಿಚ್ಚಿಟ್ಟು, ಸಂಜೆ ಮತ್ತೆ ಸುತ್ತಿಕೊಳ್ಳುತ್ತಿದ್ದೆ.

ಆಗಸ್ಟಿನಲ್ಲಿ ಸಾನೆಗೆ ಪರಿಶೀಲನೆಯ ದಿನ ಗೊತ್ತಾಯಿತು. ಮೂವರು ಪ್ರಾಧ್ಯಾಪಕರು ಕೂತು ಕೆಲಸ ನೋಡುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಡಾಕ್ಟರೇಟ್ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಮೂರು ವಾರ ಇರುವಾಗ, ಒಂದು ಶುಕ್ರವಾರ ಅವಳು ಕಪಾಟು ತೆರವು ಮಾಡುತ್ತ, “ದೊಡ್ಡಪ್ಪ, ಮೂಲೇಲಿರೋ ಆ ರೋಗಿಷ್ಠನ್ನ ನಾಳೆ ಬೇಯಿಸಿಬಿಡಿ,” ಎಂದಳು.

ಶನಿವಾರ ನಾನು ಮೆಲೆಸೀನಿಯ ಸಮಾಧಿಗೆ ಹೋದೆ. ನಮ್ಮ ರೂಢಿಯಂತೆ ಮೇಲೆ ಹರಡಿದ್ದ ಮರಳು ಸರಿಮಾಡಿ, ಹೂವಿಟ್ಟು ಬರುವಷ್ಟರಲ್ಲಿ ಹೊತ್ತು ಮುಳುಗಿತು. ಭಾನುವಾರ ನಾವು ಟೋಂಗಾದವರು ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ; ಚರ್ಚು, ಪ್ರಾರ್ಥನೆ, ಊಟ, ನಿದ್ದೆ. ಹೀಗಾಗಿ ಸೋಮವಾರ ಬೆಳಿಗ್ಗೆಯೂ ಬಾಟಲಿ ಇದ್ದಲ್ಲೇ ಇತ್ತು.

ಅಂದು ನಾನು ಹೋದಾಗ ಸಾನೆ ಅಳತೆಯ ಯಂತ್ರದ ಮುಂದೆ ತಲೆ ಹಿಡಿದು ಕೂತಿದ್ದಳು.

“ಹುಳಿ ಇಲ್ಲ ದೊಡ್ಡಪ್ಪ. ಒಂದು ಬಾಟ್ಲೀಲೂ ಇಲ್ಲ. ಹಿಮದಲ್ಲಿಟ್ಟಿದ್ದನ್ನೂ ಹೋದ ವಾರವೇ ತೆಗೆದು ಬೆಳೆಸಿದ್ದೆ. ಅದರಲ್ಲೂ ಇಲ್ಲ.”

“ಇಷ್ಟು ಹಚ್ಚಗಿವೆಯಲ್ಲೇ!”

“ಅದೇ ನನಗೂ ಗೊತ್ತಾಗ್ತಿಲ್ಲ. ಹೊಟ್ಟೆ ತುಂಬ ತಿಂತಾವೆ, ಬೆಳೀತಾವೆ, ಕೆಲಸ ಮಾತ್ರ ಮಾಡಲ್ಲ.”

ನನಗೆ ಚರ್ಚಿನ ಹೆಂಗಸರ ಒಂದು ಫೋಟೋ ನೆನಪಾಯಿತು. ಹಬ್ಬದ ಊಟ ಮುಗಿದ ಮೇಲೆ ತೆಗೆದದ್ದು. ಎಲ್ಲರೂ ನಗುತ್ತ ನಿಂತಿದ್ದಾರೆ. ಮೆಲೆಸೀನಿ ಒಬ್ಬಳ ಮುಖ ಬಾಡಿದೆ. ಇನ್ನೂರು ಜನಕ್ಕೆ ಅಡುಗೆ ಮಾಡಿದವಳು ಅವಳು. ಅವಳಿಗೆ ಹುಷಾರಿಲ್ಲವೆಂದು ನೋಡಿದವರೆಲ್ಲ ಅಂದುಕೊಂಡಿದ್ದರು.

“ಸಾನೆ, ಹುಳಿ ಮಾಡೋದು ಅವಕ್ಕೆ ಸುಲಭಾನಾ?”

“ಸುಲಭ ಎಲ್ಲಿಂದ? ತಿಂದಿದ್ದರಲ್ಲಿ ಅರ್ಧ ಹುಳಿಗೇ ಹೋಗುತ್ತೆ.”

“ಹಾಗಾದ್ರೆ ಹುಳಿ ಮಾಡೋದು ಬೇಗ ಬೆಳೆಯುತ್ತೋ, ಮಾಡದೆ ಇರೋದು ಬೇಗ ಬೆಳೆಯುತ್ತೋ?”

ಅವಳು ತಲೆ ಎತ್ತಿದಳು. ಹಸಿರು ಬಾಟಲಿಗಳ ಸಾಲನ್ನು ನೋಡಿದಳು. ಆಮೇಲೆ ದಡಬಡ ಎದ್ದಳು. “ಆ ಬಿಳಚಿದ್ದು! ಬೇಯಿಸಿಬಿಟ್ರಾ?”

“ಇಲ್ಲ. ಮರೆತೆ.”

“ಜನ್ಮದಲ್ಲಿ ಮೊದಲನೇ ಸಲ ನೀವು ಮರೆತಿದ್ದು ಒಳ್ಳೇದಾಯ್ತು!”

ಅದರಲ್ಲಿ ಹುಳಿ ಇತ್ತು. ಆದರೆ ಸಾನೆಯ ಮಾರ್ಗದರ್ಶಿ ಬ್ರಾನ್ವಿನ್ ಸುಲಭಕ್ಕೆ ನಂಬುವವರಲ್ಲ. “ಅದು ಹಳೇ ಹುಳಿ ಇರಬಹುದು. ಹೊಸ ನೀರಿಗೆ ಹಾಕಿ ಬೆಳೆಸು, ಆಮೇಲೆ ಕುಣಿ,” ಎಂದರು. ಹತ್ತು ದಿನ ಕಾದೆವು. ಹೊಸ ಬಾಟಲಿ ತಿಳಿಹಸಿರಾಗಿ, ಸೋಮಾರಿಯಂತೆ ನಿಧಾನಕ್ಕೆ ಬೆಳೆಯಿತು. ಅದರಲ್ಲೂ ಹುಳಿ ಇತ್ತು.

ಎಲ್ಲೋ ಒಂದು ಜೀವಿ ಕೆಲಸ ಬಿಟ್ಟಿದೆ. ಕೆಲಸ ಬಿಟ್ಟದ್ದರಿಂದ ಬೇಗ ಹೆಚ್ಚಿದೆ. ಹಸಿರು ನೋಡಿ ನಾವು ವಾರವಾರವೂ ಅದನ್ನೇ ಆರಿಸಿ ಸಾಕಿದ್ದೇವೆ. ವರ್ಷದ ಮೇಲಿನ ದುಡಿಮೆ ಹೀಗೆ ಹೋಯಿತು. ಅದಕ್ಕೆ ಮೊದಲು ಬೆರಳು ತೋರಿಸಿದವನು ನಾನು.

ಪರಿಶೀಲನೆಯ ಮುನ್ನಾದಿನ ಸಾನೆ ಕೇಳಿದಳು. “ಈ ಹತ್ತು ದಿನದ ಲೆಕ್ಕ ಮಾತ್ರ ತೋರಿಸಿದ್ರೆ ಪಾಸಾಗಬಹುದು. ಹಿಂದಿನದನ್ನೂ ಹೇಳಿದ್ರೆ, ಇವಳಿಗೆ ಬಾಟ್ಲಿ ಆರಿಸೋಕೂ ಬರಲ್ಲ ಅಂತಾರೆ. ಏನು ಮಾಡ್ಲಿ?”

“ಪ್ರಾರ್ಥನೆ ಮಾಡು.”

“ಮಾಡ್ದೆ. ದೇವರು ಸುಮ್ಮನಿದ್ದಾನೆ.”

“ನನ್ನ ಹತ್ರಾನೂ ಆರು ತಿಂಗಳಿಂದ ಹಾಗೇ ಇದ್ದಾನೆ. ಆದ್ರೂ ಅವನ ಮುಂದೆ ಸುಳ್ಳು ಹೇಳೋಕೆ ಆಗಲ್ಲ ಕಣೇ. ಕೇಳಿದ್ರೆ ದೊಡ್ಡಪ್ಪ ತೋರಿಸಿದ್ದು ಅನ್ನು.”

“ನನಗೂ ಕಣ್ಣಿತ್ತಲ್ಲ,” ಎಂದು ಅವಳು ಹೊರಟುಹೋದಳು.

ಮರುದಿನ ನಾನು ಪರಿಶೀಲನೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಎರಡು ಗಂಟೆ ಹಿಡಿಯಿತು. ಒಳಗೆ ಒಮ್ಮೆ ಯಾರೋ ಜೋರಾಗಿ ನಕ್ಕರು. ಸಾನೆ ಹೊರಗೆ ಬಂದಾಗ ಅವಳ ಮುಖದಿಂದ ಏನೂ ತಿಳಿಯಲಿಲ್ಲ.

“ಎಲ್ಲಾ ಹೇಳಿಬಿಟ್ಟೆ. ಒಬ್ಬರು ನಕ್ಕರು. ಅವರೂ ಎರಡು ವರ್ಷ ಹಸಿರಾಗಿರೋದನ್ನೇ ಆರಿಸಿದ್ರಂತೆ, ಯಾರ ಹತ್ರಾನೂ ಹೇಳಿರಲಿಲ್ಲವಂತೆ.”

“ನಿನ್ನ ಗತಿ ಏನಾಯ್ತು, ಅದನ್ನ ಹೇಳು!”

“ಆರು ತಿಂಗಳು ಕೊಟ್ಟಿದ್ದಾರೆ. ಕೆಲಸಗಳ್ಳರು ಎಷ್ಟನೇ ದಿನಕ್ಕೆ ಹುಟ್ತಾರೆ, ಅವರನ್ನ ಹುಟ್ಟದ ಹಾಗೆ ತಡೆಯೋದು ಹೇಗೆ? ಅದಕ್ಕೆ ಉತ್ತರ ತಂದ್ರೆ ಮುಂದಕ್ಕೆ, ಇಲ್ಲದಿದ್ರೆ ಮನೆಗೆ.”

“ಉತ್ತರ ಯಾರಿಗಾದ್ರೂ ಗೊತ್ತಾ?”

“ನನ್ನ ಬಾಟ್ಲಿಗಳ ಉತ್ತರ ಯಾರಿಗೂ ಗೊತ್ತಿಲ್ಲ,” ಎಂದಳು. ಹಾಗೆನ್ನುವಾಗ ಅವಳ ಮುಖ ಅರಳಿತು.

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ನಲವತ್ತು ಸಣ್ಣ ಬಾಟಲಿಗಳಿಗೆ ಹೆಪ್ಪು ಹಾಕಿದೆವು. ಮೊದಲ ಕೆಲಸಗಳ್ಳ ಹುಟ್ಟುವುದು ಎಂಟನೆಯ ದಿನ ಎಂದು ಅವಳು ಪಣ ಕಟ್ಟಿದಳು, ನಾನು ಇಪ್ಪತ್ತನೆಯ ದಿನ ಎಂದೆ.

“ಜೀವಿಗಳ ಮೇಲೆ ಅಷ್ಟು ನಂಬಿಕೇನಾ ದೊಡ್ಡಪ್ಪ?”

“ಇರಲಿ ಬಿಡು. ಅಳೆದು ನೋಡೋಣ,” ಎಂದು ನಾನು ದೀಪ ಹಾಕಿದೆ.