ಸಾತವ್ವ ಕೇಳಿದ ಒಲೆ

ಸಾತವ್ವ ತೀರಿಕೊಂಡ ಸುದ್ದಿಯನ್ನು ಧರೆಪ್ಪನಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂದು ಅವನು ಕಣ್ಣು ತೋರಿಸಲು ಮಹಾಲಿಂಗಪುರಕ್ಕೆ ಹೋಗಿದ್ದ. ಮಧ್ಯಾಹ್ನದ ಬಸ್ಸಿಗೆ ಬನಹಟ್ಟಿಗೆ ಬಂದು ಇಳಿದರೆ ಮಗ ಭೀಮಶಿ ಮೋಟಾರ್ ಸೈಕಲ್ ಹಿಡಿದು ನಿಂತಿದ್ದ. ಹತ್ತು ವರ್ಷಗಳಲ್ಲಿ ಒಮ್ಮೆಯೂ ಅಪ್ಪನನ್ನು ಕರೆಯಲು ಬಸ್ ಸ್ಟ್ಯಾಂಡಿಗೆ ಬಂದವನಲ್ಲ.

“ಯಾಕ ಬಂದಿ?”

“ಸುಮ್ಮನ ಬಂದ್ನಿ. ಹತ್ತಪಾ.”

ಓಣಿಗೆ ತಿರುಗಿದಾಗ ಮಗ್ಗಗಳ ಸಪ್ಪಳವಿರಲಿಲ್ಲ. ಕರೆಂಟು ಇದ್ದೂ ಹಾಡುಹಗಲೇ ಓಣಿಯ ಮಗ್ಗಗಳು ನಿಂತಿವೆಯೆಂದರೆ ಯಾರದೋ ಮನೆಯಲ್ಲಿ ಹೆಣ ಇದೆ ಎಂದೇ ಅರ್ಥ. ಯಾರು ಹೋದರು ಎಂದು ಕೇಳಲು ಧರೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಗಾಡಿ ಅವನದೇ ಮನೆಯ ಮುಂದೆ ನಿಂತಿತು.

ಬೆಳಿಗ್ಗೆ ಅವನಿಗೆ ರೊಟ್ಟಿ ಕಟ್ಟಿಕೊಟ್ಟ ಕೈ ಮಧ್ಯಾಹ್ನಕ್ಕೆ ತಣ್ಣಗಾಗಿತ್ತು. ಎದೆ ಹಿಡಿದುಕೊಂಡು ಕುಳಿತವಳು ಏಳಲೇ ಇಲ್ಲವಂತೆ. ನಲವತ್ತಾರು ವರ್ಷ ಕೂಡಿ ಬಾಳಿದವಳು ಒಂದು ಮಾತನ್ನೂ ಹೇಳದೆ ಹೋದಳು.

ಮೂರನೆಯ ದಿನ ಮಣ್ಣು ಕೊಟ್ಟ ಜಾಗದಲ್ಲಿ ಎಡೆ ಇಟ್ಟರು. ರೊಟ್ಟಿ, ಹುಗ್ಗಿ, ಎಣ್ಣೆಗಾಯಿ, ಎಲೆಯಡಿಕೆ, ಎಲ್ಲವೂ ಅವಳಿಗೆ ಸೇರುವಂಥವೇ. ಬೇವಿನ ಮರದ ಮೇಲೆ ಕಾಗೆ ಕುಳಿತಿತ್ತು, ಕೆಳಗಿಳಿಯಲೊಲ್ಲದು. ಬಿಸಿಲೇರಿತು. ಬೀರದೇವರ ಗುಡಿಯ ಪೂಜಾರಿ ಗಿರಮಲ್ಲಪ್ಪ ಹಣೆಯ ಮೇಲೆ ಕೈ ಅಡ್ಡ ಇಟ್ಟು ಮರ ನೋಡಿದ.

“ಏನರ ಆಸಿ ಉಳಸ್ಕೊಂಡ ಹೋಗ್ಯಾಳ. ಯಾರಿಗರ ನೆನಪಿದ್ರ ಮಾತ ಕೊಡ್ರಿ.”

ಮಗಳು ಮಾಲಾ, “ಎವ್ವಾ, ಅತ್ತಿಗಿ ಕೂಡ ಜಗಳಾಡಂಗಿಲ್ಲ, ಬಾರ ಬೇ,” ಎಂದಳು. ಕಾಗೆ ಮಿಸುಕಲಿಲ್ಲ. ಭೀಮಶಿ ದೇವರಿಗೆ ನಡೆದು ಬರುತ್ತೇನೆಂದ. ಅದಕ್ಕೂ ಇಳಿಯಲಿಲ್ಲ. ಆಗ ಧರೆಪ್ಪನಿಗೆ ನೆನಪಾಯಿತು. ಎರಡು ವರ್ಷಗಳಿಂದ ಸಾತವ್ವ ಒಂದೇ ಮಾತು ಹೇಳುತ್ತಿದ್ದಳು, “ಹಿತ್ತಲದಾಗ ಒಂದ ಒಲಿ ಹಾಕಸ್ರಿ,” ಎಂದು. ಮನ್ಯಾಗ ಗ್ಯಾಸ್ ಐತಲ್ಲ ಎಂದು ಅವನು ತಳ್ಳಿಹಾಕುತ್ತಿದ್ದ.

“ಹಿತ್ತಲದಾಗ ಒಲಿ ಹಾಕಸ್ತೇನಿ, ಬಾ,” ಎಂದ. “ಹನ್ನೊಂದನೇ ದಿನದೊಳಗ ಹಾಕಸ್ತೇನಿ. ಬೀರಪ್ಪನ ಆಣಿ.”

ಕಾಗೆ ಇಳಿದು ಬಂತು. ರೊಟ್ಟಿಯ ಚೂರು ಕಚ್ಚಿಕೊಂಡು ಹೋಯಿತು. 

ಮನೆಯ ದಾರಿಯಲ್ಲಿ ಧರೆಪ್ಪನಿಗೆ ಚಿಂತೆ ಹತ್ತಿತು. ಒಲೆಯೇನೋ ಸರಿ, ಎಂಥ ಒಲೆ? ಯಾತಕ್ಕೆ ಬೇಕು ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಆಣೆಯಿಟ್ಟಾಗಿತ್ತು. ತಪ್ಪು ಒಲೆ ಹಾಕಿಸಿದರೆ ಅವಳ ಜೀವ ಆ ಬೇವಿನ ಮರದಲ್ಲೇ ಕುಳಿತಿರುತ್ತದೋ ಏನೋ.

ಸೊಸೆ ಭಾಗ್ಯಾಳನ್ನು ಕೇಳಿದ.

“ನೀರ ಕಾಸಾಕ, ಮಾವಾ. ಗೀಜರ್ ನೀರ ಮೈಗಿ ಹತ್ತಂಗಿಲ್ಲ ಅಂತಿದ್ರು. ಹಂಡೆ ಕುಂದ್ರೂ ಒಲಿ ಬೇಕಾಗಿತ್ತು.”

ಮುಧೋಳದಿಂದ ಬಂದಿದ್ದ ಮಾಲಾ ಪಡಸಾಲೆಯಿಂದಲೇ ಅಂದಳು: “ನೀರಿಗಲ್ಲ, ರೊಟ್ಟಿಗಿ. ಗ್ಯಾಸಿನ ಮ್ಯಾಲಿನ ರೊಟ್ಟಿ ತೊಗಲ ಇದ್ದಂಗ ಇರತಾವ ಅಂತಿದ್ಲು ಅವ್ವ.”

“ನಾ ಮಾಡಿದ ರೊಟ್ಟಿಗಿ ಅಂದಿದ್ರೇನು?”

“ಯಾರ ಮಾಡಿದ್ದು ಅಂತ ಅಕಿ ಹೇಳಿಲ್ಲ. ನಿನಗ ಯಾಕ ಚುಚ್ಚತು?”

ಜಗಳವಾಡುವುದಿಲ್ಲವೆಂದು ಕಾಗೆಗೆ ಕೊಟ್ಟ ಮಾತು ಎರಡು ದಿನವೂ ಬಾಳಲಿಲ್ಲ. ಭೀಮಶಿ ಮೊಬೈಲು ಹಿಡಿದು ಬಂದು ಫೋಟೊ ತೋರಿಸಿದ. ನಡುವೆ ದುಂಡನೆಯ ಕಟ್ಟೆಯಲ್ಲಿ ಬೆಂಕಿ, ಸುತ್ತ ಕುರ್ಚಿ, ಕುರ್ಚಿಯಲ್ಲಿ ನಗುವ ಜನ.

“ಈಗ ಹಿತ್ತಲದಾಗ ಇಂಥಾದ್ದ ಮಾಡಸ್ತಾರಪಾ. ಅವ್ವಗ ಥಂಡ್ಯಾಗ ಕಾಸ್ಕೊಂತ ಕುಂದ್ರಾಕ ಬೇಕಾಗಿತ್ತು.”

“ಇವರು ಇದರ ಮ್ಯಾಲ ಏನ ಬೇಯಿಸ್ತಾರ?”

“ಏನೂ ಇಲ್ಲ. ಸುಮ್ಮನ ಕುಂದ್ರತಾರ.”

“ಸುಮ್ಮನ ಕುಂದ್ರಾಕ ಇಷ್ಟ ಕಟಗಿ ಸುಡತಾರ?” ಎಂದು ಧರೆಪ್ಪ ಫೋಟೊವನ್ನು ಬಹಳ ಹೊತ್ತು ನೋಡಿದ.

ಆರನೆಯ ದಿನ ಮಹಾಲಿಂಗಪುರದ ಕಬ್ಬಿಣದ ಅಂಗಡಿಗೆ ಹೋದ. ಕಾಲಿರುವ ಬುಟ್ಟಿಯಂಥ ಒಲೆ, ಡ್ರಮ್ಮು ಕತ್ತರಿಸಿ ಮಾಡಿದ ಒಲೆ, ಹೊಗೆ ಕೊಳವೆಯ ಒಲೆ, ಸಾಲಾಗಿ ಇಟ್ಟಿದ್ದರು. ಒಂದೊಂದನ್ನೂ ಮುಟ್ಟಿ ನೋಡಿದ. ಸಂತೆಯಲ್ಲಿ ನೂರು ಕುರಿಗಳ ನಡುವೆ ತನ್ನ ಕುರಿಯನ್ನು ಗುರುತಿಸುತ್ತಿದ್ದವನಿಗೆ ಇಲ್ಲಿ ಏನೂ ತಿಳಿಯಲಿಲ್ಲ.

“ಯಾತಕ್ಕ ಬೇಕ್ರಿ ಯಜ್ಜಾರ?” ಅಂಗಡಿಯವನು ಕೇಳಿದ.

“ಅದ ಗೊತ್ತಿಲ್ರಿ.”

“ಹಂಗಂದ್ರ? ಯಾರಿಗಿ ಬೇಕು?”

“ನಮ್ಮನ್ಯಾಕಿಗಿ.”

“ಹಂಗಾರ ಒಂದ ಮಾತ ಅವರನ್ನ ಕೇಳ್ಕೊಂಡ ಬರ್ರಿ. ಮಾಲು ಎಲ್ಲಿಗಿ ಹೋಗತೈತಿ.”

“ಆತ್ರಿ,” ಎಂದು ಧರೆಪ್ಪ ಹೊರಗೆ ಬಂದ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ತಪ್ಪಿ ಬೆಲ್ಲದ ಅಂಗಡಿಗಳ ಸಾಲಿನಲ್ಲಿ ಎರಡು ಸಲ ಸುತ್ತಿದ.

ಎಂಟನೆಯ ದಿನ ಗಾರೆ ಕೆಲಸದ ಗವಂಡಿ ಗಂಗಾರಾಮ ಇಟ್ಟಂಗಿ ತಂದ. ಆಗ್ನೇಯ ಮೂಲೆ ಶ್ರೇಷ್ಠವೆಂದು ಸುಣ್ಣದಿಂದ ಗೆರೆ ಎಳೆದ. ಒಂದು ಬಾಯೋ ಎರಡು ಬಾಯೋ ಎಂದು ಕೇಳಿದ. ಧರೆಪ್ಪ ಒಂದು ಎಂದ. ಸ್ವಲ್ಪ ಹೊತ್ತಿಗೆ ಎರಡು ಎಂದ.

“ಕಾಕಾ, ನಾಳಿ ನನಗ ಜಮಖಂಡ್ಯಾಗ ಕೆಲಸ ಐತಿ. ಇವತ್ತ ಖಚಿತ ಆಗಲಿ.”

ಆಗಲೆಂದು ಧರೆಪ್ಪ ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಲು ಆ ಮೂಲೆಯಲ್ಲಿ ಒಂದು ಹಿಡಿ ಕಸಕ್ಕೆ ಬೆಂಕಿ ಹಚ್ಚಿದ. ಹೊಗೆ ಎದ್ದು ನೇರವಾಗಿ ಗೋಡೆ ದಾಟಿತು. ಗೋಡೆಯಾಚೆ ನೇಕಾರರ ಗುರುಬಾಯಿಯ ಅಂಗಳದಲ್ಲಿ ಬಿಳಿ ನೂಲಿನ ಲಡಿಗಳು ಒಣಗುತ್ತಿದ್ದವು. ಅವಳ ತಲೆ ಗೋಡೆಯ ಮೇಲೆ ಕಾಣಿಸಿತು.

“ಧರೆಪ್ಪಣ್ಣಾ, ನೂಲಿಗಿ ಮಸಿ ಹತ್ತಿದ್ರ ಬಿಳಿ ಸೀರಿ ಕರೇವು ಆಗತಾವ್ರಿ. ಸಾತಕ್ಕ ಇದ್ದಿದ್ರ ಈ ಮೂಲಿಗಿ ಹಾಕಸ್ತಿರಲಿಲ್ಲ.”

ಧರೆಪ್ಪ ಬೆಂಕಿ ತುಳಿದು ಆರಿಸಿದ. “ತಂಗಿ, ಅಕಿ ಯಾವ ಒಲಿ ಅಂದಿದ್ಲು? ನಿನ್ನ ಮುಂದೇನರ ಹೇಳಿದ್ಲೇನು?”

ಗುರುಬಾಯಿ ಗೋಡೆಯ ಮೇಲೆ ಮೊಣಕೈ ಊರಿದಳು. “ಕುರಿ ಮಾರಿದಾಗಿಂದ ನಮ್ಮವರಿಗಿ ಗೋಡಿ ನಡುವ ನಿದ್ದಿ ಹತ್ತವಲ್ದು, ಹೊರಗ ಬೆಂಕಿ ಇದ್ರ ಹತ್ತಬಹುದು ಅಂತ ಒಮ್ಮೆ ಅಂದಂಗ ನೆನಪ.”

“ನನಗ ಅಂತ?”

“ಅಂದಂಗ ನೆನಪ್ರಿ. ಆದರ ರೊಟ್ಟಿ ಮಾತೂ ಆಡಿದ್ಲು. ನೀರಿಂದೂ ಆಡಿದ್ಲು. ನಾ ಸುಳ್ಳ ಹೇಳಬಾರದು.”

ಧರೆಪ್ಪ ಸುಣ್ಣದ ಗೆರೆಯ ಪಕ್ಕದಲ್ಲಿ ಕುಳಿತುಬಿಟ್ಟ. ನಾಲ್ಕು ಜನರಿಗೆ ನಾಲ್ಕು ಸಾತವ್ವಂದಿರು ಕಾಣುತ್ತಿದ್ದರು. ತನ್ನ ಸಾತವ್ವ ಎಲ್ಲಿ ಎಂದು ಹುಡುಕಿದ. ಮದುವೆಯಾದ ಹೊಸದರಲ್ಲಿ ಬಾಡಗಂಡಿಯ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಕೊಂಡು ಇದ್ದ ದಿನಗಳು ನೆನಪಾದವು. ಆಗ ಅವಳ ಹತ್ತಿರ ಇದ್ದದ್ದು ಮೂರು ಕಲ್ಲು. ಬೆಳಗಾದರೆ ಅದರ ಮೇಲೆ ನೀರು ಕಾಯುತ್ತಿತ್ತು, ಆಮೇಲೆ ರೊಟ್ಟಿ ಬೇಯುತ್ತಿತ್ತು, ಸಂಜೆಗೆ ಅದರ ಮುಂದೆಯೇ ಇಬ್ಬರೂ ಕಂಬಳಿ ಹೊದ್ದು ಕುಳಿತಿರುತ್ತಿದ್ದರು. ಗಾಳಿ ತಿರುಗಿದರೆ ಅವಳು ಕಲ್ಲನ್ನೂ ತಿರುಗಿಸುತ್ತಿದ್ದಳು. ಇದು ಯಾತರ ಒಲೆ ಎಂದು ಆಗ ಯಾರೂ ಕೇಳಿರಲಿಲ್ಲ.

“ಗಂಗಾರಾಮ, ಇಟ್ಟಂಗಿ ಒಯ್ಯಪಾ,” ಎಂದ. “ಮೂರ ಕಲ್ಲ ಸಾಕು.”

“ಇದಕ್ಕ ನನ್ನ ಯಾಕ ಕರಿಸಿದ್ರಿ ಮತ್ತ?”

“ನನಗ ಈಗ ಹೊಳೀತು. ಬ್ಯಾಸರ ಮಾಡ್ಕೋಬ್ಯಾಡ.”

ಕೃಷ್ಣೆಯ ದಂಡೆಯಿಂದ ಒಳ್ಳೆಯ ನುಣುಪು ಕಲ್ಲು ತರುತ್ತೇನೆಂದು ಭೀಮಶಿ ಹೊರಟ. ಧರೆಪ್ಪ ತಡೆದ.

“ಹೊಳಿ ಕಲ್ಲಿನ ಹೊಟ್ಟ್ಯಾಗ ನೀರ ಇರತೈತಿ, ಬೆಂಕಿಗಿ ಸಿಡೀತಾವ. ಕುರಬರ ಮಗಾಗಿ ಅಷ್ಟ ಗೊತ್ತಿಲ್ಲೇನಲೇ?”

ಮರುದಿನ ಮಂಡಿನೋವನ್ನು ಲೆಕ್ಕಿಸದೆ ತಾನೇ ಹೊಲದ ಬದುವಿಗೆ ಹೋದ. ಒಂದೊಂದು ಕಲ್ಲನ್ನೂ ಇನ್ನೊಂದರಿಂದ ಕುಟ್ಟಿ, ಗಟ್ಟಿ ಸಪ್ಪಳ ಬಂದ ಮೂರನ್ನು ಆರಿಸಿ ಮಗನ ಗಾಡಿಯ ಮೇಲೆ ತಂದ.

ಹನ್ನೊಂದನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ನಿಂತು ಒಂದು ಚಿಟಿಕೆ ಬೂದಿ ತೂರಿ ಗಾಳಿ ನೋಡಿದ. ಗುರುಬಾಯಿಯ ನೂಲಿಗೆ ಹೊಗೆ ಹೋಗದಂತೆ ಕಲ್ಲು ಹೂಡಿದ. ಗಿರಮಲ್ಲಪ್ಪ ಬಂದು ಕಲ್ಲುಗಳಿಗೆ ಅರಿಶಿನದ ಭಂಡಾರ ಹಚ್ಚಿದ. ಭಾಗ್ಯಾ ಮೊದಲು ನೀರು ಕಾಯಿಸಿ ಮಾವನಿಗೆ ಜಳಕಕ್ಕೆ ಹಾಕಿದಳು. ನೀರು ಇಳಿಸಿದ ಮೇಲೆ ಮಾಲಾ ಹಂಚು ಇಟ್ಟಳು.

“ಉರಿ ಸಣ್ಣ ಮಾಡ, ಹೊತ್ತತಾವ,” ಎಂದಳು ಭಾಗ್ಯಾ.

“ನೀನ ಬಂದ ಮಾಡ ಹಂಗಾರ.” ಭಾಗ್ಯಾ ಬಂದು ಪಕ್ಕದಲ್ಲಿ ಕುಳಿತು ಕಟ್ಟಿಗೆ ಹಿಂದೆ ಎಳೆದಳು.

ಮೊದಲ ರೊಟ್ಟಿಯನ್ನು ಗೋಡೆಯ ಮೇಲೆ ಇಟ್ಟರು. ಕಾಗೆ ಬರಲಿಲ್ಲ. ಮಧ್ಯಾಹ್ನ ಒಂದು ಅಳಿಲು ಬಂದು ತಿಂದಿತು. ಇದಕ್ಕೇನು ಅರ್ಥವೆಂದು ಧರೆಪ್ಪ ಗಿರಮಲ್ಲಪ್ಪನನ್ನು ಕೇಳಿದರೆ ಅವನೂ ತಲೆ ಕೆರೆದುಕೊಂಡ.

ಹೊತ್ತು ಮುಳುಗುವಾಗ ಧರೆಪ್ಪ ಕಂಬಳಿ ಹಾಸಿ ಕೆಂಡದ ಮುಂದೆ ಕುಳಿತ. ಓಣಿಯಲ್ಲಿ ಮಗ್ಗಗಳು ನಡೆಯುತ್ತಿದ್ದವು. ಗಾಳಿ ತುಸು ತಿರುಗಿ ಹೊಗೆ ಅವನ ಕಣ್ಣಿಗೇ ಬಂತು. ಅವನು ಸರಿಯಲಿಲ್ಲ. ಹಣೆಗೆ ಭಂಡಾರ ಹಚ್ಚಿಕೊಂಡು ಕೈ ಜೋಡಿಸಿದ.

“ಬೀರಪ್ಪಾ, ಅಕಿ ಕೇಳಿದ್ದು ಇದ ಹೌದೋ ಅಲ್ಲೋ ನನಗ ತಿಳೀಲಿಲ್ಲ. ಇದ್ದಾಗ ಕೇಳಲಿಲ್ಲ, ಅದು ನನ್ನ ತಪ್ಪು. ನಿನಗ ಎಲ್ಲಾ ಗೊತ್ತೈತಿ. ಇದಲ್ಲ ಅಂದ್ರ ಹೇಳು, ಕಲ್ಲ ಸರಸಾಕ ಇನ್ನೂ ನನ್ನ ಕೈಯಾಗ ಬಲ ಐತಿ. ಅಕಿನ್ನ ಮರದ ಮ್ಯಾಲ ಕುಂದ್ರಸಬ್ಯಾಡ, ನಿನ್ನ ಪಾದದ ಹತ್ರ ಬೆಚ್ಚಗ ಇಟ್ಕೊ. ನನ್ನ ಸಾತವ್ವನ ಜೀವಕ್ಕ ಶಾಂತಿ ಕೊಡ ನನ್ನಪ್ಪಾ.”