ಲವೋನಾಳಿಗೆ ಕೊಟ್ಟ ಪಟ್ಟಿಗಳು

ಡೆಲ್ಮರ್ ಸ್ಟರ್ಜಿಲ್ ಶಾಲಾ ಬಸ್ಸಿನ ಕೆಳಗೆ ಮಲಗಿ ಬ್ರೇಕಿನ ಕೊಳವೆ ಬಿಚ್ಚುತ್ತಿದ್ದಾಗ ಫೋನ್ ಬಂತು. ಕೈ ಒರೆಸಿಕೊಂಡು ನೋಡಿದ. ಕ್ಲಿನಿಕ್ಕಿನ ನಂಬರು.

"ಎಣಿಕೆಗೆ ಬರ್ಬೇಕಪ್ಪಾ ಡೆಲ್ಮರ್," ಎಂದಳು ನರ್ಸ್ ಗ್ಲೆನ್ನಾ. "ನಾಳೆ ಹನ್ನೊಂದರೊಳಗೆ. ಉಳಿದಿರೋ ಪಟ್ಟಿ, ಖಾಲಿ ಲಕೋಟೆ, ಎಲ್ಲಾ ತಗೊಂಡು ಬಾ."

"ಆಗ್ಲಿ, ಮಿಸ್ ಗ್ಲೆನ್ನಾ."

ಫೋನನ್ನು ಜೇಬಿಗೆ ಹಾಕಿ ಮತ್ತೆ ಬಸ್ಸಿನ ಕೆಳಗೆ ಸರಿದ. ಆದರೆ ಸ್ಪ್ಯಾನರನ್ನು ಕೈಗೆತ್ತಿಕೊಳ್ಳಲಿಲ್ಲ. ಅವನ ಹತ್ತಿರ ಆ ಔಷಧಿಯ ತೆಳು ಪಟ್ಟಿಗಳು ಎರಡು ಕಡಿಮೆ ಇದ್ದವು.

ಹನ್ನೆರಡು ವರ್ಷಗಳ ಹಿಂದೆ ಕಲ್ಲಿದ್ದಲ ಗಣಿಯ ಚಾವಣಿಯಿಂದ ಒಂದು ಬಂಡೆ ಜಾರಿ ಅವನ ಬೆನ್ನ ಮೇಲೆ ಬಿದ್ದಿತ್ತು. ನೋವಿಗೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆ ನೋವು ಹೋದ ಮೇಲೂ ಉಳಿದುಕೊಂಡಿತು. ಹೆಂಡತಿ ಹೋದಳು, ಮನೆ ಹೋಯಿತು. ಏಳು ವರ್ಷ ಹಾಗೇ ಕಳೆದ ಮೇಲೆ ಅರವತ್ತು ಮೈಲಿ ದೂರದ ಪಟ್ಟಣದ ಈ ಕ್ಲಿನಿಕ್ಕಿಗೆ ಸೇರಿದ. ಈಗ ಐದು ವರ್ಷಗಳಿಂದ ಬೆಳಿಗ್ಗೆ ಒಂದು, ಸಂಜೆ ಒಂದು, ಪುಟ್ಟ ಲಕೋಟೆಯಲ್ಲಿ ಬರುವ ಉಗುರಿನಷ್ಟಗಲದ ಕಿತ್ತಳೆ ಬಣ್ಣದ ಪಟ್ಟಿಯನ್ನು ನಾಲಿಗೆಯ ಕೆಳಗಿಟ್ಟು ಕರಗುವವರೆಗೆ ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ಅದರಿಂದ ಮತ್ತೇರುವುದಿಲ್ಲ. ಮಾತ್ರೆಯ ಹಂಬಲ ಏಳುವುದಿಲ್ಲ, ಅಷ್ಟೆ.

ಮೊದಮೊದಲು ವಾರಕ್ಕೊಮ್ಮೆ ಹೋಗಿ ತರಬೇಕಿತ್ತು. ನಂಬಿಕೆ ಬಂದ ಮೇಲೆ ತಿಂಗಳಿಗೊಮ್ಮೆಯಾಯಿತು. ಎಣಿಕೆ ತಪ್ಪಿದರೆ ಮತ್ತೆ ವಾರಕ್ಕೆ ಇಳಿಸುತ್ತಾರೆ. ಸುಳ್ಳು ಸಿಕ್ಕಿಬಿದ್ದರೆ ಹೊರಗೇ ಹಾಕುತ್ತಾರೆ. ಗ್ಯಾರೇಜಿನ ಮೇಸ್ತ್ರಿ ಆರ್ವಿಲ್‌ಗೆ ಅವನು ಹೇಳಿದ್ದು ತಿಂಗಳಿಗೊಮ್ಮೆ ಬೆನ್ನಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು. ವಾರಕ್ಕೊಮ್ಮೆ ಬೆನ್ನು ತೋರಿಸುವವರು ಯಾರಿದ್ದಾರೆ?

ಆ ಎರಡು ಪಟ್ಟಿಗಳನ್ನು ಅವನು ಭಾನುವಾರ ತಂಗಿ ಲವೋನಾಳಿಗೆ ಕೊಟ್ಟಿದ್ದ.

ಅವರು ಬೆಳೆದ ಕಣಿವೆಯಲ್ಲಿ ಔಷಧಿಯನ್ನು ಸಕ್ಕರೆಯ ಹಾಗೆ ಕಡ ಕೊಡುತ್ತಿದ್ದರು. ಯಾರು ಹಲ್ಲು ಕೀಳಿಸಿಕೊಂಡರೂ, ಯಾರು ಸತ್ತರೂ, ಉಳಿದ ಮಾತ್ರೆಗಳು ಅವರ ಅಮ್ಮನ ಬಿಸ್ಕತ್ತಿನ ಡಬ್ಬಿಗೆ ಬರುತ್ತಿದ್ದವು. ಬಾಗಿಲಿಗೆ ಬಂದವರನ್ನು ಅಮ್ಮ ಕೇಳುತ್ತಿದ್ದುದು ಒಂದೇ: "ಎಲ್ಲಿ ನೋವು?" ಬೇರೆ ಏನು ತಗೊಂಡಿದ್ದೀಯ ಎಂದು ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಡೆಲ್ಮರನೂ ಕೇಳಲಿಲ್ಲ.

ಲವೋನಾಳ ಮಂಡಿಯ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಹೊತ್ತಿಗೊಂದು ತಿನ್ನಬೇಕಾದ ಮಾತ್ರೆಯನ್ನು ಅವಳು ಎರಡೆರಡು ತಿಂದಿದ್ದಳು. ತಿಂಗಳು ಮುಗಿಯಲು ಹನ್ನೊಂದು ದಿನ ಇರುವಾಗಲೇ ಸೀಸೆ ಖಾಲಿ. ಭಾನುವಾರ ಮಧ್ಯಾಹ್ನ ಅವನು ಹೋದಾಗ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು. ಒಲೆಯ ಮೇಲೆ ಬೀನ್ಸ್ ಕಾಳು ತಳ ಹಿಡಿದಿತ್ತು.

"ಇವತ್ತಿಂದ ನಾನು ಹೆಂಗಿರ್ಲಿ ಬಬ್ಬಿ?" ಎಂದಳು. ಚಿಕ್ಕಂದಿನಿಂದಲೂ ಅಣ್ಣನನ್ನು ಅವಳು ಕರೆಯುತ್ತಿದ್ದುದು ಹಾಗೆ.

ತನ್ನನ್ನು ಉಳಿಸಿದ್ದು ಅವಳನ್ನೂ ಉಳಿಸುತ್ತದೆ ಎಂದುಕೊಂಡ. ಈಗಲೇ ಒಂದು, ಸಂಜೆಗೆ ಒಂದು ಎಂದು ಎರಡು ಪಟ್ಟಿ ಕೊಟ್ಟ. ಕೊನೆಯ ಮಾತ್ರೆಗಳನ್ನು ಅವಳು ಎರಡು ಗಂಟೆ ಮೊದಲಷ್ಟೇ ನುಂಗಿದ್ದಳು. ಅವಳು ಹೇಳಲಿಲ್ಲ, ಇವನು ವಿಚಾರಿಸಲಿಲ್ಲ.

ಮುಕ್ಕಾಲು ಗಂಟೆಯೊಳಗೆ ಅವಳ ಮೈ ಬೆವರಿನಿಂದ ತೊಯ್ದುಹೋಯಿತು. ವಾಂತಿ, ಭೇದಿ, ಹಿಡಿತಕ್ಕೆ ಸಿಗದೆ ಒದ್ದಾಡುವ ಕಾಲುಗಳು. ಎರಡನೆಯ ಪಟ್ಟಿಯನ್ನು ಅವಳು ಕಕ್ಕಸಿಗೆ ಎಸೆದಳು. ಆಸ್ಪತ್ರೆಗೆ ಹೋಗೋಣವೆಂದರೆ ಒಪ್ಪಲಿಲ್ಲ. ಸಂಜೆಯವರೆಗೆ ಅವನು ಬಕೆಟ್ಟು ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದ. ಮಾತ್ರೆ ನುಂಗಿದ್ದನ್ನು ಅವಳು ಬಾಯಿಬಿಟ್ಟಿದ್ದು ಆಗಲೇ.

ಸೋಮವಾರ ಗ್ಯಾರೇಜಿನಿಂದ ನೇರ ಅವಳ ಮನೆಗೆ ಹೋಗಿ ಎಣಿಕೆಯ ವಿಷಯ ಹೇಳಿದ. ಅವಳು ಕೋಲೂರಿಕೊಂಡು ಹೊರಗೆ ಹೋದಳು. ಒಂದು ಗಂಟೆ ಬಿಟ್ಟು ಬಂದು ಕಾಗದದ ಕರವಸ್ತ್ರದಲ್ಲಿ ಸುತ್ತಿದ, ಇನ್ನೂ ಒಡೆಯದ ಎರಡು ಲಕೋಟೆಗಳನ್ನು ಮೇಜಿನ ಮೇಲಿಟ್ಟಳು.

"ಸೇತುವೆ ಹತ್ರ ಇರೋ ಹುಡುಗಿ ಕೊಟ್ಳು. ಬಣ್ಣ ಅದೇ, ಅಕ್ಷರ ಅದೇ. ಇಟ್ಕೊ."

"ಇದಕ್ಕೆ ಏನು ಕೊಟ್ಟೆ?"

"ನಿಂಗ್ಯಾಕದು?"

ಕಟ್ಟೆಯ ಮೇಲೆ ಮೈಕ್ರೋವೇವ್ ಇದ್ದ ಜಾಗ ಖಾಲಿಯಾಗಿತ್ತು. ಜಿಡ್ಡು ತಾಕದ ಬಿಳಿ ಚೌಕ ಒಂದು ಉಳಿದಿತ್ತು.

"ನೀನೂ ನಂಜೊತೆ ಕ್ಲಿನಿಕ್ಕಿಗೆ ಬಾ ಲವೋನಾ."

"ಆ ವಿಷ ನೆಕ್ಕೋಕಾ? ಐದು ವರ್ಷದಿಂದ ಹೆಂಗೆ ನೆಕ್ತಿದೀಯೋ ಏನೋ, ನಿನ್ ನಾಲಿಗೆ ಚಪ್ಪಲಿ ಚರ್ಮದ್ದೇ ಇರ್ಬೇಕು." ಅವಳು ನಗಲಿಲ್ಲ. "ಇನ್ನು ಹತ್ತು ದಿನ ತಾನೆ? ಆ ಹುಡುಗಿ ಹತ್ರ ಮಾತ್ರೇನೂ ಇದೆಯಂತೆ. ನಾಡಿದ್ದು ಹೋಗ್ತೀನಿ."

ಆ ರಸ್ತೆಯಲ್ಲಿ ಅಂಥ ಮಾತ್ರೆ ತಿಂದು ವಸಂತದಿಂದ ಈಚೆಗೆ ಇಬ್ಬರು ಸತ್ತಿದ್ದರು. ನೋಡಲು ಅವು ಅಂಗಡಿಯ ಮಾತ್ರೆಗಳಂತೆಯೇ ಇರುತ್ತವೆ. ಒಳಗೇನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಲವೋನಾ ಆ ಎರಡು ಮನೆಗಳಿಗೂ ಅಡುಗೆ ಮಾಡಿ ಕಳಿಸಿದ್ದಳು. ಇದನ್ನು ಅವಳಿಗೆ ನೆನಪಿಸಬೇಕೆಂದು ಡೆಲ್ಮರನಿಗೆ ಅನ್ನಿಸಿತು. ಅವಳು ಬೆನ್ನು ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಅವನು ಲಕೋಟೆಗಳನ್ನು ಜೇಬಿಗೆ ಹಾಕಿಕೊಂಡು ಎದ್ದು ಬಂದ.

ಮಂಗಳವಾರ ಬೆಳಿಗ್ಗೆ ಗ್ಲೆನ್ನಾ ಅವನ ಚೀಲವನ್ನು ತಟ್ಟೆಯ ಮೇಲೆ ಸುರಿದು, ಎರಡೆರಡಾಗಿ ಪಕ್ಕಕ್ಕೆ ಸರಿಸುತ್ತ ಎಣಿಸಿದಳು. ಅರವತ್ತು ದಾಟಿದ ಹೆಂಗಸು. ಕಾಗೆಯಷ್ಟು ಚುರುಕು ಕಣ್ಣು.

"ಹೋದ ವಾರ ಒಬ್ಬ ಬಂದಿದ್ದ. ಪಟ್ಟೀನ ನಾಯಿ ತಿಂತು ಅಂದ. ಈ ವರ್ಷ ನಾಲ್ಕನೇ ನಾಯಿ ಅದು. ನಮ್ ಜಿಲ್ಲೇಲಿ ಮನುಷ್ಯರಿಗಿಂತ ನಾಯಿಗಳೇ ಚೆನ್ನಾಗಿ ಚಿಕಿತ್ಸೆ ತಗೊಳ್ತಿವೆ."

ಡೆಲ್ಮರ್ ನಕ್ಕ. ಅವಳು ಎಣಿಸಿ ಮುಗಿಸಿ ಕಾಗದದ ಮೇಲೆ ಗುರುತು ಹಾಕಿದಳು.

"ಸರಿಯಾಗಿದೆ. ಮುಂದಿನ ತಿಂಗಳು ಸಿಗೋಣ."

ಅವನು ಎಲ್ಲವನ್ನೂ ಚೀಲಕ್ಕೆ ತುಂಬಿ ಟೋಪಿ ಎತ್ತಿಕೊಂಡ. ಬಾಗಿಲು ನಾಲ್ಕು ಹೆಜ್ಜೆ ದೂರ. ಹನ್ನೆರಡರೊಳಗೆ ಗ್ಯಾರೇಜು ಸೇರಬಹುದಿತ್ತು. ಅವಳು ತಟ್ಟೆಯನ್ನು ಒರೆಸತೊಡಗಿದಳು. ಅವನು ನಿಂತೇ ಇದ್ದ.

"ಏನಪ್ಪಾ?"

"ಒಬ್ರು ಬೆಳಿಗ್ಗೆ ನೋವಿನ ಮಾತ್ರೆ ತಗೊಂಡಿದ್ರು ಅಂತಿಟ್ಕೊಳ್ಳಿ. ಎರಡು ಗಂಟೆ ಬಿಟ್ಟು ಈ ಪಟ್ಟಿ ಇಟ್ಕೊಂಡ್ರೆ..."

ಗ್ಲೆನ್ನಾಳ ಕೈ ನಿಂತಿತು. ಒರೆಸುವ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಗೋಡೆಯ ಆಚೆ ಯಾರೋ ಕೆಮ್ಮಿದರು.

"ಈಗ ಹೆಂಗಿದಾರೆ ಅವ್ರು? ಉಸಿರಾಟ ಸರಿಯಿದೆಯಾ?"

"ಈಗ ಪರವಾಗಿಲ್ಲ. ಭಾನುವಾರದ ಮಾತು. ನನ್ ತಂಗಿ."

ಅವನು ಮತ್ತೆ ಕೂತು, ಚೀಲದಿಂದ ಎರಡು ಲಕೋಟೆಗಳನ್ನು ಆರಿಸಿ ಮೇಜಿನ ಮೇಲೆ ಬೇರೆಯಾಗಿ ಇಟ್ಟ.

"ಇವು ನನ್ನವಲ್ಲ. ನನ್ನವನ್ನ ಅವಳಿಗೆ ಕೊಟ್ಟೆ."

ಗ್ಲೆನ್ನಾ ಅವುಗಳ ಅಂಚಿನ ಬ್ಯಾಚ್ ಸಂಖ್ಯೆಯನ್ನು ಓದಿ, ಆಮೇಲೆ ಕನ್ನಡಕ ತೆಗೆದಳು.

"ಮಾತ್ರೆ ಮೈಯೊಳಗೆ ಒಂದು ಕುರ್ಚಿ ಹಿಡ್ಕೊಂಡು ಕೂತಿರುತ್ತೆ. ಪಟ್ಟಿ ಬಂದು ಅದನ್ನ ನೂಕಿ ತಾನು ಕೂರುತ್ತೆ. ಮಾತ್ರೆ ತಾನಾಗೇ ಎದ್ದು ಹೋಗೋವರೆಗೆ ಕಾದ್ರೆ ಕುರ್ಚಿ ಖಾಲಿ ಇರುತ್ತೆ, ಗಲಾಟೆ ಇಲ್ಲ. ಕಾಯದೇ ಇದ್ರೆ ಅವಳಿಗಾಗಿದ್ದು ಆಗುತ್ತೆ. ನಿಂಗೆ ನೆನಪಿಲ್ವಾ? ಮೊದಲ ದಿನ ಹೊರಗಿನ ಬೆಂಚಿನ ಮೇಲೆ ಮೂಗು ಸುರಿಸ್ತಾ ಕೂತಿದ್ದೆ. ನಾನು ಕೊಡಲ್ಲ, ಇನ್ನೂ ಸ್ವಲ್ಪ ಹೊತ್ತು ಕಾಯಿ ಅಂದಿದ್ದಕ್ಕೆ ಮಾಟಗಾತಿ ಅಂತ ಬೈದೆ."

"ಮರೆತೇಹೋಗಿತ್ತು."

"ವಾಸಿಯಾದೋರೆಲ್ಲ ಮರೀತಾರೆ. ಕೊಡೋ ಕೈಗೆ ಇದೆಲ್ಲ ಗೊತ್ತಿರ್ಬೇಕು, ಅದಕ್ಕೇ ಹಂಚ್ಕೋಬೇಡಿ ಅನ್ನೋದು."

"ಅವಳು ನನ್ ಮಾತು ಕೇಳಲ್ಲ ಮಿಸ್ ಗ್ಲೆನ್ನಾ. ಇದು ವಿಷ ಅಂತಾಳೆ. ನಾಳೆ ಬೀದಿ ಮಾತ್ರೆಗೆ ಹೋಗ್ತಾಳೆ. ನೀವು ಹೇಳಿದ್ರೆ..."

"ಹೇಳ್ತೀನಿ. ನಂಬರು ಕೊಡು." ಅವಳು ಬರೆದುಕೊಂಡಳು. "ಇದನ್ನೂ ಬರೀಬೇಕು ನಾನು, ಗೊತ್ತಲ್ಲ? ನಾಯಿ ತಿಂತು ಅಂತ ಬರೆಯೋಕಾಗಲ್ಲ."

"ಗೊತ್ತು."

"ಇನ್ಮೇಲೆ ಮಂಗಳವಾರ, ಮಂಗಳವಾರ ಬರ್ಬೇಕು. ಆರು ತಿಂಗಳು. ಡಾಕ್ಟರ ಹತ್ರ ನಾನೇ ಮಾತಾಡ್ತೀನಿ, ಹೊರಗೆ ಹಾಕಲ್ಲ."

ಅವಳು ಅವನ ಎದುರಿಗೇ ಲವೋನಾಳಿಗೆ ಫೋನ್ ಮಾಡಿದಳು. ಆ ಕಡೆಯ ಬೈಗುಳ ಡೆಲ್ಮರನಿಗೂ ಕೇಳಿಸುತ್ತಿತ್ತು. ಗ್ಲೆನ್ನಾ ಒಂದು ಮಾತಿಗೂ ಎದುರಾಡಲಿಲ್ಲ. ಬೈಗುಳ ಮುಗಿದ ಮೇಲೆ ಅದೇ ಕುರ್ಚಿಯ ವಿವರಣೆಯನ್ನು ಅದೇ ಧಾಟಿಯಲ್ಲಿ ಹೇಳಿದಳು. ಕೊನೆಗೆ ಗ್ಲೆನ್ನಾ, "ಆಕಳಿಕೆ ಶುರುವಾಯ್ತಾ? ಮೈ ಜುಮ್ ಅಂತಿದೆಯಾ? ಒಳ್ಳೇದು, ಕುರ್ಚಿ ಖಾಲಿಯಾಗ್ತಿದೆ. ಇನ್ನೇನೂ ತಗೋಬೇಡ. ನಾಳೆ ಎಂಟಕ್ಕೆ," ಎಂದು ಫೋನ್ ಇಟ್ಟಳು.

ಗ್ಯಾರೇಜಿನಲ್ಲಿ ಆರ್ವಿಲ್‌ಗೆ ಎಲ್ಲವನ್ನೂ ಹೇಳಿದ. ಅವನು ಗ್ರೀಸ್ ಹತ್ತಿದ ಬೆರಳಿನಿಂದ ಗಡ್ಡ ಕೆರೆದುಕೊಂಡು, "ಐದು ವರ್ಷದಿಂದ ನಿನ್ ಬೆನ್ನಿಗೆ ಪ್ರಾರ್ಥನೆ ಮಾಡ್ತಿದ್ನಲ್ಲೋ ನಾನು," ಎಂದ. ಕೆಲಸ ಉಳಿಯಿತು. ಆದರೆ ಆರ್ವಿಲ್ ಗ್ಯಾರೇಜಿನ ಬೀಗದ ಕೈ ಗೊಂಚಲನ್ನು ವಾಪಸ್ ಕೇಳಿದ. ಡೆಲ್ಮರ್ ಕೊಟ್ಟ.

ಬುಧವಾರ ಲವೋನಾ ಮೂಗು ಒರೆಸಿಕೊಳ್ಳುತ್ತ, ಕಂಬಳಿ ಹೊದ್ದು ಟ್ರಕ್ಕಿನಲ್ಲಿ ಕೂತಳು. ದಾರಿಯುದ್ದಕ್ಕೂ ಎರಡೇ ಮಾತು. "ಗುಂಡಿ ನೋಡ್ಕೊಂಡು ಓಡ್ಸು." ಆಮೇಲೆ, "ಇವತ್ತೂ ಹಂಗೇ ಆದ್ರೆ ನಿನ್ ಮುಖ ನೋಡಲ್ಲ." ಕ್ಲಿನಿಕ್ಕಿನಲ್ಲಿ ಗ್ಲೆನ್ನಾ ಅವಳ ಕಣ್ಣು, ನಾಡಿ ನೋಡಿ, ಇನ್ನೊಂದು ಗಂಟೆ ಕೂರು ಎಂದಳು. ಲವೋನಾ ಬೆಂಚಿನ ಮೇಲೆ ಕೂತು ಅವಳನ್ನು ಏನೋ ಅಂದು ಬೈದಳು. ಆಮೇಲೆ ಒಳಗೆ ಕರೆದರು. ಬಾಗಿಲು ಮುಚ್ಚಿತು.

ಡೆಲ್ಮರ್ ಟ್ರಕ್ಕಿನಲ್ಲಿ ಕಾದ. ಮುಕ್ಕಾಲು ಗಂಟೆಯಾಯಿತು. ಒಂದು ಗಂಟೆಯಾಯಿತು. ಒಳಗಿಂದ ಯಾರೂ ಓಡಿ ಬರಲಿಲ್ಲ.

ಒಂದೂವರೆ ಗಂಟೆಯ ಮೇಲೆ ಅವಳು ಕೋಲೂರಿಕೊಂಡು ಬಂದಳು. ಕಂಬಳಿ ಕಂಕುಳಲ್ಲಿತ್ತು. ಹತ್ತಿ ಕೂತು ಬಾಗಿಲೆಳೆದುಕೊಂಡು ಮುಂದಿನ ಗಾಜಿನಾಚೆ ನೋಡುತ್ತ ಕೂತಳು. ಅವಳ ಹಣೆಯಲ್ಲಿ ಬೆವರಿಲ್ಲದ್ದನ್ನು ನೋಡಿ ಅವನು ಗಾಡಿ ಚಾಲೂ ಮಾಡಿದ.

"ಶುಕ್ರವಾರ ಇನ್ನೊಂದ್ಸಲ ಬರ್ಬೇಕಂತೆ," ಎಂದಳು. "ಆಮೇಲಿಂದ ನಂದೂ ಮಂಗಳವಾರಕ್ಕೇ ಹಾಕ್ಸಿದೀನಿ. ಒಂದೇ ಗಾಡೀಲಿ ಬರಬೋದು."